ತೂಕದ ಸಂಕೇತವೂ ಸಮವಲ್ಲದ ರೋಧಕಗಳೂ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಮಾನ್ವಿ ಸೀಮೆಯ ಭತ್ತವಾಗಲಿ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿಯುವ ದೇವದುರ್ಗದ ಹೊಲಗಳ ಭತ್ತ, ಹತ್ತಿಗಳಾಗಲಿ, ಗಿರಣಿಗೋ ರಾಯಚೂರು ನಗರದ ಮಾರುಕಟ್ಟೆಗೋ ಸೇರುವ ಮುನ್ನ ಲಾರಿಯ ಸಮೇತ ವೇಬ್ರಿಜ್ ಏರುತ್ತದೆ. ತುಂಬಿದ ಲಾರಿಯ ತೂಕದಿಂದ ಖಾಲಿ ಲಾರಿಯ ತೂಕವನ್ನು ಕಳೆದು ಉಳಿದದ್ದಕ್ಕೆ ಬೆಲೆ ಕಟ್ಟಲಾಗುತ್ತದೆ. ವೇಬ್ರಿಜ್‌ನ ವೇದಿಕೆಯ ಕೆಳಗೆ ಲೋಡ್ ಸೆಲ್ ಎಂಬ ಉಕ್ಕಿನ ತುಂಡುಗಳಿರುತ್ತವೆ. ಭಾರ ಬಿದ್ದಾಗ ಆ ಉಕ್ಕು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ತೆಳು ಲೋಹದ ಪಟ್ಟಿಗಳು ಅದರೊಡನೆ ಹಿಗ್ಗಿ ಕುಗ್ಗುತ್ತವೆ, ಹಿಗ್ಗಿದ ಪಟ್ಟಿಯ ವಿದ್ಯುತ್ ರೋಧ ತುಸು ಏರಿದರೆ ಕುಗ್ಗಿದ ಪಟ್ಟಿಯ ರೋಧ ತುಸು ಇಳಿಯುತ್ತದೆ. ಇಂಥ ನಾಲ್ಕು ಪಟ್ಟಿಗಳನ್ನು ಚೌಕಾಕಾರದಲ್ಲಿ ಜೋಡಿಸಿ, ಎದುರುಬದುರಿನ ಎರಡು ಮೂಲೆಗಳಿಗೆ ವಿದ್ಯುತ್ತು ಕೊಟ್ಟು, ಉಳಿದೆರಡು ಮೂಲೆಗಳ ನಡುವಿನ ವೋಲ್ಟೇಜನ್ನು ಅಳೆಯುವ ಏರ್ಪಾಟಿಗೆ ವೀಟ್‌ಸ್ಟನ್ ಸೇತುವೆ ಎಂದು ಹೆಸರು. 1833ರಲ್ಲಿ ಸ್ಯಾಮುಯೆಲ್ ಹಂಟರ್ ಕ್ರಿಸ್ಟಿ ರೂಪಿಸಿದ ಈ ಸೇತುವೆಯನ್ನು ಚಾರ್ಲ್ಸ್ ವೀಟ್‌ಸ್ಟನ್ 1843ರಲ್ಲಿ ಜನಪ್ರಿಯಗೊಳಿಸಿದನು.

ಲೆಕ್ಕದ ಅನುಕೂಲಕ್ಕಾಗಿ 60 ಟನ್ ಸಾಮರ್ಥ್ಯದ ಒಂದು ವೇಬ್ರಿಜ್ಜನ್ನು ತೆಗೆದುಕೊಂಡು, ಸೇತುವೆಗೆ 10 ವೋಲ್ಟ್ ಕೊಟ್ಟಾಗ ಪೂರ್ಣ ಭಾರಕ್ಕೆ ಅದು 20 ಮಿಲಿವೋಲ್ಟ್ ಸಂಕೇತ ನೀಡುತ್ತದೆ ಎಂದಿಟ್ಟುಕೊಳ್ಳಬಹುದು. ಲೋಡ್ ಸೆಲ್‌ಗಳ ವಾಡಿಕೆಯ ಸಂವೇದನೆ ಇಷ್ಟೇ. ಆಗ ಒಂದು ಟನ್ನಿನ ಪಾಲಿಗೆ 333 ಮೈಕ್ರೋವೋಲ್ಟ್, 10 ಕಿಲೋಗ್ರಾಂ ಪಾಲಿಗೆ 3.3 ಮೈಕ್ರೋವೋಲ್ಟ್ ಮಾತ್ರ ಬರುತ್ತದೆ. ಇಷ್ಟು ಸಣ್ಣ ಸಂಕೇತ ಒಂಟಿಯಾಗಿಯೂ ಬರುವುದಿಲ್ಲ. ಸೇತುವೆಯ ಎರಡು ಹೊರತಂತಿಗಳೂ ನೆಲದ ಮಟ್ಟದಿಂದ ಸುಮಾರು 5 ವೋಲ್ಟ್ ಎತ್ತರದಲ್ಲಿರುತ್ತವೆ: ಪೂರ್ಣ ಭಾರದಲ್ಲಿ ಒಂದರಲ್ಲಿ 5.010, ಇನ್ನೊಂದರಲ್ಲಿ 4.990 ವೋಲ್ಟ್. ಎರಡೂ ತಂತಿಗಳಿಗೆ ಸಮನಾಗಿ ಸೇರಿದ ಈ 5 ವೋಲ್ಟನ್ನು ಸಮಾನ ಸಂಕೇತ ಎಂದೂ, ಅವುಗಳ ನಡುವಿನ ಅಂತರವನ್ನು ವ್ಯತ್ಯಾಸ ಸಂಕೇತ ಎಂದೂ ಕರೆದರೆ, ಭತ್ತದ ತೂಕವಿರುವುದು ವ್ಯತ್ಯಾಸ ಸಂಕೇತದಲ್ಲಿ ಮಾತ್ರ. ಸಮಾನವಾದುದನ್ನು ಬಿಟ್ಟು ವ್ಯತ್ಯಾಸವನ್ನಷ್ಟೇ ದೊಡ್ಡದು ಮಾಡುವ ಮಂಡಲಕ್ಕೆ ವ್ಯತ್ಯಾಸ ವರ್ಧಕ ಎಂದು ಹೆಸರು. ನರಗಳ ಮಂದ ವಿದ್ಯುತ್ತನ್ನು ಅಳೆಯಲು ಬ್ರಿಟನ್ನಿನ ಬಿ.ಎಚ್.ಸಿ. ಮ್ಯಾಥ್ಯೂಸ್ 1934ರಲ್ಲೇ ನಿರ್ವಾತ ಕವಾಟಗಳಿಂದ ಇಂಥ ವರ್ಧಕವನ್ನು ಕಟ್ಟಿದ್ದನು; 1936ರಲ್ಲಿ ಅಲನ್ ಬ್ಲಮ್ಲೈನ್ ಪೇಟೆಂಟಿಗೆ ಅರ್ಜಿ ಹಾಕಿದ ‘ಉದ್ದ ಬಾಲದ ಜೋಡಿ’ ಎಂಬ ವಿನ್ಯಾಸವೇ ಕವಾಟಗಳ ಕಾಲ ಮುಗಿದ ಮೇಲೆ ಟ್ರಾನ್ಸಿಸ್ಟರುಗಳಿಗೂ ಇಳಿದು ಬಂದು, ಇಂದು ಬಹುತೇಕ ಎಲ್ಲ ವರ್ಧಕ ಚಿಪ್ಪುಗಳ ಹೆಬ್ಬಾಗಿಲಿನಲ್ಲಿ ನಿಂತಿದೆ.

ಈ ಜೋಡಿಯ ಕಟ್ಟಡ ಸರಳವಾದುದು. ಟ್ರಾನ್ಸಿಸ್ಟರಿಗೆ ಬೇಸ್, ಕಲೆಕ್ಟರ್, ಎಮಿಟರ್ ಎಂಬ ಮೂರು ಕಾಲುಗಳು. ಬೇಸ್ ಮತ್ತು ಎಮಿಟರ್‌ಗಳ ನಡುವಿನ ವೋಲ್ಟೇಜು ಕಲೆಕ್ಟರ್‌ನಲ್ಲಿ ಹರಿಯುವ ಪ್ರವಾಹವನ್ನು ನಿಯಂತ್ರಿಸುತ್ತದೆ. ಒಂದೇ ಬಗೆಯ ಎರಡು ಟ್ರಾನ್ಸಿಸ್ಟರುಗಳ ಎಮಿಟರ್‌ಗಳನ್ನು ಒಂದುಗೂಡಿಸಿ, ಆ ಕೂಡುಬಿಂದುವಿನಿಂದ ಒಂದು ದೊಡ್ಡ ರೋಧಕವನ್ನು, ಅಂದರೆ ಅಂಗಡಿಯ ಮಾತಿನ ರೆಸಿಸ್ಟರನ್ನು, ಋಣ ಸರಬರಾಜಿಗೆ ಜೋಡಿಸಲಾಗುತ್ತದೆ, ಇದೇ ಬಾಲ. ಪ್ರತಿ ಕಲೆಕ್ಟರ್‌ನಿಂದ ಧನ ಸರಬರಾಜಿಗೆ ಒಂದೊಂದು ಹೊರೆ ರೋಧಕವಿದ್ದು, ಎರಡು ಬೇಸ್‌ಗಳು ಒಳಬಾಗಿಲುಗಳಾದರೆ ಎರಡು ಕಲೆಕ್ಟರ್‌ಗಳು ಹೊರಬಾಗಿಲುಗಳಾಗುತ್ತವೆ. ಬಾಲದಲ್ಲಿ ಹರಿಯುವ 1 ಮಿಲಿಆಂಪಿಯರ್ ಪ್ರವಾಹ ಎರಡೂ ಟ್ರಾನ್ಸಿಸ್ಟರುಗಳಿಗೆ ಅರ್ಧರ್ಧ ಹಂಚಿಹೋಗುತ್ತದೆ, ಒಂದು ಬೇಸ್ ತುಸು ಮೇಲೇರಿದರೆ ಆ ಕಡೆಯ ಪಾಲು ಹೆಚ್ಚಿ ಇನ್ನೊಂದು ಕಡೆಯದು ಅಷ್ಟೇ ಕುಗ್ಗುತ್ತದೆ. ಹೊರೆ ರೋಧಕಗಳು 10,000 ಓಮ್ ಆಗಿದ್ದರೆ ಈ ಅಳತೆಯ ಜೋಡಿ ವ್ಯತ್ಯಾಸವನ್ನು ಸುಮಾರು 190 ಪಟ್ಟು ಹಿಗ್ಗಿಸುತ್ತದೆ. ಎರಡೂ ಬೇಸ್‌ಗಳು ಒಟ್ಟಿಗೆ ಏರಿದಾಗಲೂ ಬಾಲದ ಪ್ರವಾಹ ಸ್ವಲ್ಪ ಹೆಚ್ಚುವುದು ನಿಜ, ಆದರೆ ಆ ಹೆಚ್ಚಳ ಎರಡೂ ಕಲೆಕ್ಟರ್‌ಗಳಲ್ಲಿ ಸಮನಾಗಿ ಕಾಣಿಸಿಕೊಂಡು, ಅವುಗಳ ನಡುವಿನ ಅಂತರ ಮಾತ್ರ ಕದಲದೆ ಉಳಿಯುತ್ತದೆ. ಇಡೀ ಮಂಡಲದ ಭರವಸೆ ನಿಂತಿರುವುದು ಈ ‘ಸಮನಾಗಿ’ ಎಂಬ ಕರಾರಿನ ಮೇಲೆ.

ಅಂಗಡಿಯಲ್ಲಿ ಸಿಗುವ ರೋಧಕಗಳು ಆ ಕರಾರನ್ನು ಪೂರ್ತಿಯಾಗಿ ಪಾಲಿಸುವುದಿಲ್ಲ. ಮೈಮೇಲೆ ಚಿನ್ನದ ಬಣ್ಣದ ಪಟ್ಟೆಯಿರುವ ರೋಧಕ ತನ್ನ ಬೆಲೆಯಿಂದ ನೂರಕ್ಕೆ 5ರಷ್ಟು ಆಚೀಚೆ ಇರಬಹುದು. ಕಂದು ಪಟ್ಟೆಯದು ನೂರಕ್ಕೆ 1ರಷ್ಟು. 10,000 ಓಮ್ ಎಂದು ಬರೆದ ಎರಡು ರೋಧಕಗಳಲ್ಲಿ ಒಂದು 10,050, ಇನ್ನೊಂದು 9,950 ಇದ್ದರೂ ತಯಾರಕರ ಮಾತು ಸುಳ್ಳಾಗುವುದಿಲ್ಲ, ಆದರೆ ಜೋಡಿಯ ನಡುವೆ ನೂರಕ್ಕೆ 1ರ ಅಂತರ ಬಂದಿರುತ್ತದೆ. ಇದರ ಮೊದಲ ಪರಿಣಾಮ ನೇರವಾದುದು: ಎರಡೂ ಬೇಸ್‌ಗಳಿಗೆ ಒಂದೇ ವೋಲ್ಟೇಜ್ ಕೊಟ್ಟು, ಎರಡರಲ್ಲೂ ಒಂದೇ ಪ್ರವಾಹ ಹರಿದರೂ, ಹೆಚ್ಚು ಓಮ್‌ನ ರೋಧಕದಲ್ಲಿ ಹೆಚ್ಚು ವೋಲ್ಟೇಜ್ ಇಳಿಯುವುದರಿಂದ ಕಲೆಕ್ಟರ್‌ಗಳು ಬೇರೆಬೇರೆ ಮಟ್ಟದಲ್ಲಿ ನಿಲ್ಲುತ್ತವೆ; ಸಂಕೇತವೇ ಇಲ್ಲದ ಹೊತ್ತಿನಲ್ಲಿ ವರ್ಧಕ ಸಂಕೇತವಿದೆ ಎನ್ನುತ್ತದೆ. ಈ ಸುಳ್ಳನ್ನು ಅಳಿಸಿ ಹೊರಬಾಗಿಲನ್ನು ಸೊನ್ನೆಗೆ ತರಲು ಬೇಸ್‌ಗಳ ನಡುವೆ ಕೊಡಬೇಕಾದ ವೋಲ್ಟೇಜಿಗೆ ಆಫ್‌ಸೆಟ್ ಎಂದು ಹೆಸರು. ಟ್ರಾನ್ಸಿಸ್ಟರಿನ ಪ್ರವಾಹವನ್ನು ನೂರಕ್ಕೆ 1ರಷ್ಟು ಬದಲಿಸಲು ‘ಉಷ್ಣ ವೋಲ್ಟೇಜಿ’ನ ನೂರನೆಯ ಒಂದು ಭಾಗ ಸಾಕು, ಈ ಉಷ್ಣ ವೋಲ್ಟೇಜು ಅರೆವಾಹಕದೊಳಗಿನ ಎಲೆಕ್ಟ್ರಾನುಗಳ ಉಷ್ಣ ಚಲನೆಯಿಂದ ನಿರ್ಧಾರವಾಗುವ ಅಳತೆಯಾಗಿದ್ದು, 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 26 ಮಿಲಿವೋಲ್ಟ್ ಇರುತ್ತದೆ. ಹಾಗಾಗಿ ಹೊರೆ ರೋಧಕಗಳ ನಡುವಿನ ನೂರಕ್ಕೆ 1ರ ಅಂತರಕ್ಕೆ ಬರುವ ಆಫ್‌ಸೆಟ್ 0.26 ಮಿಲಿವೋಲ್ಟ್. ಕೇಳಲು ಅತಿ ಸಣ್ಣದೆನಿಸುವ ಈ ಮೊತ್ತ ಮೇಲಿನ ವೇಬ್ರಿಜ್‌ನಲ್ಲಿ ಸುಮಾರು 780 ಕಿಲೋಗ್ರಾಂಗೆ ಸಮ.

ಎರಡನೆಯ ಪರಿಣಾಮ ಇಷ್ಟು ಬಯಲಾಗಿ ಕಾಣುವಂಥದ್ದಲ್ಲ, ಆದರೆ ಹೆಚ್ಚು ಗಮನಕ್ಕೆ ಅರ್ಹವಾದುದು. ಅದಕ್ಕೊಂದು ಉದಾಹರಣೆ ವಿದ್ಯುತ್ ಜಾಲದಿಂದಲೇ ಸಿಗುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡಾಗ ದಕ್ಷಿಣ ಭಾರತದ ವಿದ್ಯುತ್ ಜಾಲ ಉಳಿದ ದೇಶದ ಜಾಲದೊಡನೆ ಒಂದೇ ಆವೃತ್ತಿಯಲ್ಲಿ ಬೆಸೆದುಕೊಂಡಿತು, ಅಂದಿನಿಂದ ಸೆಕೆಂಡಿಗೆ 50 ಬಾರಿಯ ಒಂದೇ ಮಿಡಿತ ಇಡೀ ದೇಶದಲ್ಲಿದೆ. ಪ್ರತಿ ಮನೆಯ, ಪ್ರತಿ ಗಿರಣಿಯ ತಂತಿಯಲ್ಲಿರುವ ಈ 50 ಹರ್ಟ್ಸ್ ಮಿಡಿತ, ಲೋಡ್ ಸೆಲ್‌ನಿಂದ ತೂಕ ನೋಡುವ ಕ್ಯಾಬಿನ್‌ವರೆಗೆ ಹಾಸಿದ ಉದ್ದನೆಯ ಕೇಬಲ್ಲಿನೊಳಕ್ಕೂ ನುಸುಳುತ್ತದೆ. ಜೊತೆಯಾಗಿ ಹೆಣೆದ ಎರಡು ತಂತಿಗಳಿಗೂ ಅದು ಹೆಚ್ಚುಕಡಿಮೆ ಸಮನಾಗಿಯೇ ಸೇರುವುದರಿಂದ, ಅದು ಸಮಾನ ಸಂಕೇತ. ನ್ಯಾಯವಾಗಿ ವರ್ಧಕ ಅದನ್ನು ಬಿಟ್ಟುಬಿಡಬೇಕು. ಬಾಲದ ರೋಧಕ 10,000 ಓಮ್ ಇದ್ದಾಗ 1 ವೋಲ್ಟ್ ಸಮಾನ ಸಂಕೇತ ಪ್ರತಿ ಕಲೆಕ್ಟರನ್ನೂ ಅರ್ಧ ವೋಲ್ಟ್ ಕದಲಿಸುತ್ತದೆ. ಹೊರೆ ರೋಧಕಗಳು ಸಮವಿದ್ದರೆ ಎರಡು ಅರ್ಧಗಳೂ ಕಳೆದು ಸೊನ್ನೆಯಾಗುತ್ತವೆ, ನೂರಕ್ಕೆ 1ರ ಅಂತರವಿದ್ದರೆ ಮಾತ್ರ ಅರ್ಧ ವೋಲ್ಟಿನ ನೂರನೆಯ ಒಂದು ಭಾಗ, ಅಂದರೆ 5 ಮಿಲಿವೋಲ್ಟ್, ವ್ಯತ್ಯಾಸದ ವೇಷ ತೊಟ್ಟು ಹೊರಬರುತ್ತದೆ. ವರ್ಧನೆಯಿಂದ ಭಾಗಿಸಿ ಒಳಬಾಗಿಲಿನ ಲೆಕ್ಕಕ್ಕೆ ತಂದರೆ ಇದು 26 ಮೈಕ್ರೋವೋಲ್ಟ್, ವೇಬ್ರಿಜ್‌ನ ಭಾಷೆಯಲ್ಲಿ 78 ಕಿಲೋಗ್ರಾಂಗಳ ತೂಗಾಟ. ಒಮ್ಮೆ ವ್ಯತ್ಯಾಸವಾಗಿ ಬದಲಾದ ಸಮಾನ ಸಂಕೇತವನ್ನು ಮುಂದಿನ ಯಾವ ಹಂತದ ವರ್ಧಕವೂ ನಿಜವಾದ ತೂಕದಿಂದ ಬೇರ್ಪಡಿಸಲಾರದು. ಸರಾಸರಿ ತೆಗೆದು 50 ಹರ್ಟ್ಸ್ ಮಿಡಿತವನ್ನು ಸೋಸಬಹುದಾದರೂ, ಸೇತುವೆಯ 5 ವೋಲ್ಟಿನಂಥ ಸ್ಥಿರ ಸಮಾನ ಸಂಕೇತದಿಂದ ಹುಟ್ಟಿದ ದೋಷಕ್ಕೆ ಸೋಸುವಿಕೆಯಿಂದ ಉಪಯೋಗವಿಲ್ಲ.

ವ್ಯತ್ಯಾಸಕ್ಕೆ ಸಿಗುವ ವರ್ಧನೆಯನ್ನು ಸಮಾನ ಸಂಕೇತಕ್ಕೆ ಸಿಗುವ ವರ್ಧನೆಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಸಮಾನ ಸಂಕೇತ ನಿರಾಕರಣಾ ಅನುಪಾತ ಎಂದು ಹೆಸರು. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು 38,000, ಎಂಜಿನಿಯರುಗಳ ಡೆಸಿಬೆಲ್ ಲೆಕ್ಕದಲ್ಲಿ 92. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಮವಲ್ಲದ ಹೊರೆ ರೋಧಕಗಳು ತಾವೇ ಸಮಾನ ಸಂಕೇತವನ್ನು ಒಳಗೆ ಬಿಡುವುದಿಲ್ಲ. ಬಾಲದಲ್ಲಿ ಪ್ರವಾಹ ಕದಲಿದರೆ ಮಾತ್ರ ಅವು ಆ ಕದಲಿಕೆಯನ್ನು ಅಂತರವಾಗಿ ಬದಲಿಸುತ್ತವೆ. ಬಾಲದ ರೋಧಕದ ಜಾಗದಲ್ಲಿ, ವೋಲ್ಟೇಜ್ ಎಷ್ಟೇ ಬದಲಾದರೂ ಬಹುಮಟ್ಟಿಗೆ ಒಂದೇ ಪ್ರವಾಹವನ್ನು ಎಳೆಯುವ ಸ್ಥಿರಪ್ರವಾಹ ಮೂಲವನ್ನಿಟ್ಟು, ಬಾಲದ ಪರಿಣಾಮಕಾರಿ ರೋಧವನ್ನು 10 ಲಕ್ಷ ಓಮ್‌ಗೆ ಏರಿಸಿದರೆ, ಅದೇ ನೂರಕ್ಕೆ 1ರ ಅಂತರದಿಂದಾಗುವ ಈ ಹಾನಿ ನೂರು ಪಟ್ಟು ಕುಗ್ಗುತ್ತದೆ. ಆಫ್‌ಸೆಟ್ ಮಾತ್ರ ಬಾಲ ಎಷ್ಟೇ ಒಳ್ಳೆಯದಾದರೂ ಅಷ್ಟೇ ಉಳಿಯುತ್ತದೆ. ಒಂದೇ ದೋಷದ ಎರಡು ಫಲಗಳಿಗೆ ಎರಡು ಬೇರೆ ಮದ್ದು ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗೆಂದು ಎಲ್ಲ ಮಂಡಲಗಳಲ್ಲೂ ನೂರಕ್ಕೆ 1ರ ಅಂತರ ಇಷ್ಟು ಸೌಮ್ಯವಾಗಿ ವರ್ತಿಸುವುದಿಲ್ಲ. ಆಪ್‌ಆಂಪ್ ಎಂಬ ಸಿದ್ಧ ವರ್ಧಕ ಚಿಪ್ಪೊಂದರ ಸುತ್ತ ನಾಲ್ಕು ರೋಧಕಗಳನ್ನಿಟ್ಟು ಕಟ್ಟುವ ವ್ಯತ್ಯಾಸ ವರ್ಧಕ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾದುದು. ಅದರಲ್ಲಿ ಸಮಾನ ಸಂಕೇತವನ್ನು ಕಳೆಯುವ ಕೆಲಸವನ್ನು ರೋಧಕಗಳ ಅನುಪಾತವೇ ನೇರವಾಗಿ ಮಾಡಬೇಕು, ಕಾಪಾಡಲು ಬಾಲವಿಲ್ಲ. ನಾಲ್ಕೂ ರೋಧಕಗಳು ನೂರಕ್ಕೆ 1ರ ಜಾತಿಯವಾಗಿ, ವರ್ಧನೆ ಒಂದು ಪಟ್ಟು ಇದ್ದರೆ, ಅತಿ ಕೆಟ್ಟ ಸಂದರ್ಭದಲ್ಲಿ ನಿರಾಕರಣಾ ಅನುಪಾತ ಬರೀ 50ಕ್ಕೆ ಇಳಿಯುತ್ತದೆ. ಸೇತುವೆಯ 5 ವೋಲ್ಟ್ ಆಗ 100 ಮಿಲಿವೋಲ್ಟಿನ ಸುಳ್ಳು ಸಂಕೇತವಾಗಿ, 60 ಟನ್ನಿನ ನಿಜವಾದ 20 ಮಿಲಿವೋಲ್ಟನ್ನು ಮುಳುಗಿಸಿಬಿಡುತ್ತದೆ. ವರ್ಧನೆಯನ್ನು ನೂರು ಪಟ್ಟಿಗೆ ಏರಿಸಿದರೂ ಸುಮಾರು 2 ಮಿಲಿವೋಲ್ಟ್, ಅಂದರೆ 6 ಟನ್ನು, ಉಳಿದೇ ಉಳಿಯುತ್ತದೆ. ಆದ್ದರಿಂದಲೇ ಇಂಥ ಅಳತೆಗೆ ಮೂರು ಆಪ್‌ಆಂಪ್‌ಗಳ ‘ಉಪಕರಣ ವರ್ಧಕ’ವನ್ನು ಆರಿಸುವುದು ವಿವೇಕ. ಅದರ ಮೊದಲ ಹಂತ ವ್ಯತ್ಯಾಸವನ್ನು ಹಿಗ್ಗಿಸುತ್ತದೆ, ಸಮಾನ ಸಂಕೇತವನ್ನು ಇದ್ದಷ್ಟೇ ದಾಟಿಸುತ್ತದೆ. ಅಲ್ಲಿನ ರೋಧಕಗಳು ತುಸು ಸಮವಲ್ಲದಿದ್ದರೆ ವರ್ಧನೆಯ ಪ್ರಮಾಣ ಬದಲಾದೀತೇ ಹೊರತು ಸಮಾನ ಸಂಕೇತ ವ್ಯತ್ಯಾಸವಾಗಿ ಬದಲಾಗುವುದಿಲ್ಲ.

ಟ್ರಾನ್ಸಿಸ್ಟರ್ ಜೋಡಿಗೆ ಮರಳಿದರೆ, ಅದರ ಎಮಿಟರ್‌ಗಳಿಗೆ ಒಂದೊಂದು ಸಣ್ಣ ರೋಧಕವನ್ನು ಸೇರಿಸುವ ಪದ್ಧತಿಯೂ ಉಂಟು. ಇದರಿಂದ ವರ್ಧನೆ ಕುಗ್ಗಿದರೂ, ದೊಡ್ಡ ಸಂಕೇತಗಳನ್ನು ವಿಕಾರವಿಲ್ಲದೆ ಹಿಗ್ಗಿಸುವ ಗುಣ ಬರುತ್ತದೆ. ಆದರೆ 100 ಓಮ್‌ನ ರೋಧಕದಲ್ಲಿ ಅರ್ಧ ಮಿಲಿಆಂಪಿಯರ್ ಹರಿದಾಗ 50 ಮಿಲಿವೋಲ್ಟ್ ಇಳಿಯುತ್ತದೆ, ಈ ಜೋಡಿಯಲ್ಲಿ ನೂರಕ್ಕೆ 1ರ ಅಂತರ ಬಂದರೆ 0.5 ಮಿಲಿವೋಲ್ಟ್ ನೇರವಾಗಿ ಆಫ್‌ಸೆಟ್‌ಗೆ ಸೇರುತ್ತದೆ. ಹೊರೆ ರೋಧಕಗಳ ಅಷ್ಟೇ ಅಂತರ ತರುವ ಆಫ್‌ಸೆಟ್‌ಗಿಂತ ಇದು ಸುಮಾರು ಎರಡು ಪಟ್ಟು.

ಈವರೆಗಿನ ಲೆಕ್ಕವನ್ನು ಓದಿದವರಿಗೆ ಒಂದು ಆಕ್ಷೇಪ ಹೊಳೆಯುವುದು ಸಹಜ. ಆಫ್‌ಸೆಟ್ 780 ಕಿಲೋಗ್ರಾಂಗೆ ಸಮವಾದರೇನಾಯಿತು, ವೇದಿಕೆ ಖಾಲಿ ಇರುವಾಗ ಸೊನ್ನೆಯ ಗುಂಡಿ ಒತ್ತಿದರೆ ಅದು ಕಳೆದುಹೋಗುವುದಿಲ್ಲವೇ? ಕಳೆದುಹೋಗುತ್ತದೆ, ಆ ಹೊತ್ತಿಗೆ. ಉಷ್ಣ ವೋಲ್ಟೇಜು ನಿರಪೇಕ್ಷ ತಾಪಕ್ಕೆ ಅನುಗುಣವಾಗಿ ಏರುವುದರಿಂದ, 0.26 ಮಿಲಿವೋಲ್ಟಿನ ಆಫ್‌ಸೆಟ್ ಪ್ರತಿ ಡಿಗ್ರಿಗೆ ತನ್ನ ಮುನ್ನೂರನೆಯ ಒಂದು ಭಾಗದಷ್ಟು, ಎಂದರೆ ಸುಮಾರು 0.87 ಮೈಕ್ರೋವೋಲ್ಟ್, ಬದಲಾಗುತ್ತದೆ. ತೂಕದಲ್ಲಿ ಹೇಳುವುದಾದರೆ ಡಿಗ್ರಿಗೆ 2.6 ಕಿಲೋಗ್ರಾಂ. ರಾಯಚೂರಿನ ಬೇಸಿಗೆಯಲ್ಲಿ ಹಗಲಿನ ತಾಪ 40 ಡಿಗ್ರಿಯನ್ನು ದಾಟುವುದು ವಿಶೇಷವಲ್ಲ, ತಗಡಿನ ಚಾವಣಿಯ ಕ್ಯಾಬಿನ್ನಿನೊಳಗಿನ ವರ್ಧಕದ ಪೆಟ್ಟಿಗೆ ಅದಕ್ಕಿಂತ ಹೆಚ್ಚು ಕಾಯುತ್ತದೆ. ಬೆಳಗಿನ ಹೊತ್ತಿಗೂ ಮಧ್ಯಾಹ್ನಕ್ಕೂ ನಡುವೆ ಪೆಟ್ಟಿಗೆಯ ತಾಪ 20 ಡಿಗ್ರಿ ಏರಿದರೆ 52 ಕಿಲೋಗ್ರಾಂ ಸರಿದಿರುತ್ತದೆ. ಭತ್ತದ ನಿವ್ವಳ ತೂಕ ಎರಡು ತೂಗುವಿಕೆಗಳ ಅಂತರವೆಂಬುದನ್ನು ಇಲ್ಲಿ ನೆನೆಯಬೇಕು: ತುಂಬಿದ ಲಾರಿ ಮುಂಜಾನೆ ತೂಗಿ, ಗಿರಣಿಯಲ್ಲಿ ಸರದಿ ಕಾದು ಇಳಿಸಿ, ಖಾಲಿ ಲಾರಿ ಮಧ್ಯಾಹ್ನ ತೂಗಿದರೆ, ನಡುವೆ ಸೊನ್ನೆಯನ್ನು ಮತ್ತೆ ನೋಡದಿದ್ದ ಪಕ್ಷದಲ್ಲಿ ಆ ಸರಿತ ನೇರವಾಗಿ ನಿವ್ವಳ ತೂಕದೊಳಗೆ ಸೇರುತ್ತದೆ. ಸ್ಥಿರವಾದ ದೋಷ ಕಳೆಯುವ ಲೆಕ್ಕದಲ್ಲಿ ತಾನೇ ಕಳೆದುಹೋಗುತ್ತದೆ, ಸರಿಯುವ ದೋಷ ಹೋಗುವುದಿಲ್ಲ. ಈ ಅಂಕಿಗಳು ಯಾವ ತಿದ್ದುಪಡಿಯೂ ಇಲ್ಲದ ಬರಿಯ ಎರಡು ಟ್ರಾನ್ಸಿಸ್ಟರುಗಳ ವರ್ಧಕಕ್ಕೆ ಸಂಬಂಧಿಸಿದವು. 2009ರ ಕಾನೂನು ಮಾಪನ ಶಾಸ್ತ್ರ ಕಾಯಿದೆಯಂತೆ ಪರೀಕ್ಷೆಗೊಂಡು ಮುದ್ರೆ ಪಡೆಯುವ ಇಂದಿನ ಯಂತ್ರಗಳು ಬಹಳಷ್ಟು ತಿದ್ದುಪಡಿಗಳನ್ನು ಒಳಗೊಂಡೇ ಬರುತ್ತವೆ. ಆ ತಿದ್ದುಪಡಿಗಳು ಏಕೆ ಬೇಕಾದವು ಎಂಬುದಕ್ಕೆ ಮಾತ್ರ ಈ ಅಂಕಿಗಳೇ ಉತ್ತರ.

ರೋಧಕಗಳೂ ತಾಪಕ್ಕೆ ತಕ್ಕಂತೆ ಬದಲಾಗುತ್ತವೆ. ಸಾಮಾನ್ಯ ಲೋಹಪದರದ ರೋಧಕ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 100 ಭಾಗದಷ್ಟು ಏರಬಹುದು ಅಥವಾ ಇಳಿಯಬಹುದು. ಜೋಡಿಯ ಒಂದು ಏರುವ ಜಾತಿಯದಾಗಿ ಇನ್ನೊಂದು ಇಳಿಯುವ ಜಾತಿಯದಾದರೆ, 20 ಡಿಗ್ರಿಯಲ್ಲಿ ಅವುಗಳ ನಡುವೆ ನೂರಕ್ಕೆ 0.4ರ ಹೊಸ ಅಂತರ ಹುಟ್ಟುತ್ತದೆ, ಅದರಿಂದ ಸುಮಾರು 0.1 ಮಿಲಿವೋಲ್ಟ್, ಅಂದರೆ 300 ಕಿಲೋಗ್ರಾಂಗೂ ಮಿಕ್ಕ ಸರಿತ ಉಂಟಾಗುತ್ತದೆ. ಕೊಂಡ ದಿನ ಎರಡೂ ರೋಧಕಗಳನ್ನು ಮೀಟರಿನಲ್ಲಿ ಅಳೆದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಆರಿಸಿದ್ದರೂ ಇದು ತಪ್ಪುವುದಿಲ್ಲ. ವ್ಯತ್ಯಾಸ ವರ್ಧಕಕ್ಕೆ ಬೇಕಾದ ಸಾಮ್ಯವೆಂದರೆ ಒಂದು ಗಳಿಗೆಯ ಸಾಮ್ಯವಲ್ಲ, ಬಿಸಿಯಲ್ಲೂ ತಂಪಿನಲ್ಲೂ ವಯಸ್ಸಾದ ಮೇಲೂ ಜೊತೆಜೊತೆಯಾಗಿ ಬದಲಾಗುವ ಸಾಮ್ಯ. ಸಿಲಿಕಾನ್ ಚಿಪ್ಪಿನ ದೊಡ್ಡ ವರ ಇರುವುದು ಇಲ್ಲಿಯೇ. ಚಿಪ್ಪಿನೊಳಗಿನ ಒಂದು ರೋಧಕದ ನಿಜವಾದ ಬೆಲೆ ಉದ್ದೇಶಿತ ಬೆಲೆಗಿಂತ ನೂರಕ್ಕೆ 20ರಷ್ಟು ದೂರವಿದ್ದರೂ ಇರಬಹುದು, ಆದರೆ ಪಕ್ಕದಲ್ಲೇ ಒಂದೇ ಗಳಿಗೆಯಲ್ಲಿ ಒಂದೇ ಆಕಾರದಲ್ಲಿ ಮೂಡಿದ ಇನ್ನೊಂದು ರೋಧಕವೂ ಬಹುಮಟ್ಟಿಗೆ ಅಷ್ಟೇ ದೂರದಲ್ಲಿರುತ್ತದೆ. ಎರಡರ ಅನುಪಾತ ನೂರಕ್ಕೆ 1ರೊಳಗೆ, ಎಚ್ಚರಿಕೆಯ ವಿನ್ಯಾಸದಲ್ಲಿ ಸಾವಿರಕ್ಕೆ 1ರ ಹತ್ತಿರ ನಿಲ್ಲುತ್ತದೆ. ಬಾಬ್ ವಿಡ್ಲರ್‌ನಂಥ ವಿನ್ಯಾಸಕರು 1960ರ ದಶಕದಲ್ಲಿ ರೂಪಿಸಿದ ಮೊದಲ ವರ್ಧಕ ಚಿಪ್ಪುಗಳು ಬೆಲೆಗಳನ್ನು ನಂಬದೆ ಅನುಪಾತಗಳನ್ನು ನಂಬಿದವು.

ಆಫ್‌ಸೆಟ್ಟನ್ನು ಎಲ್ಲಿ ಕಳೆಯಬೇಕು ಎಂಬ ಪ್ರಶ್ನೆಗೂ ಇದೇ ಭೌತಶಾಸ್ತ್ರ ಒಂದು ಸೊಗಸಾದ ಉತ್ತರ ಕೊಡುತ್ತದೆ. ಹೊರೆ ರೋಧಕಗಳ ಮತ್ತು ಟ್ರಾನ್ಸಿಸ್ಟರುಗಳ ಅಸಾಮ್ಯದಿಂದ ಬರುವ ಆಫ್‌ಸೆಟ್, ಉಷ್ಣ ವೋಲ್ಟೇಜನ್ನು ಒಂದು ಅನುಪಾತದ ಲಾಗರಿದಮ್‌ನಿಂದ ಗುಣಿಸಿದ ಮೊತ್ತ. ತಿರುಗಿಸುವ ರೋಧಕವೊಂದರಿಂದ ಕಲೆಕ್ಟರ್‌ಗಳ ಹೊರೆಯನ್ನೇ ತಿದ್ದಿ ಆ ಅನುಪಾತವನ್ನು ಒಂದಕ್ಕೆ ತಂದರೆ, ಲಾಗರಿದಮ್ ಸೊನ್ನೆಯಾಗಿ, ಉಷ್ಣ ವೋಲ್ಟೇಜು ಎಷ್ಟೇ ಏರಿದರೂ ಗುಣಲಬ್ಧ ಸೊನ್ನೆಯಾಗಿಯೇ ಉಳಿಯುತ್ತದೆ. ಆಫ್‌ಸೆಟ್ಟಿನ ಜೊತೆಗೆ ಅದರ ಸರಿತವೂ ಅಳಿಯುತ್ತದೆ. ಪ್ರದರ್ಶಕದ ಸೊನ್ನೆಯ ಗುಂಡಿ ಅಂಕಿಯನ್ನು ಮಾತ್ರ ಕಳೆಯುತ್ತದೆ, ಅನುಪಾತವನ್ನು ಮುಟ್ಟುವುದಿಲ್ಲ. ಆದ್ದರಿಂದ ಸರಿತ ಹಾಗೆಯೇ ಉಳಿಯುತ್ತದೆ. ಎಮಿಟರ್ ರೋಧಕಗಳ ಅಂತರದಿಂದ ಬಂದ ಆಫ್‌ಸೆಟ್ ಈ ಗುಣಾಕಾರದ ನಿಯಮಕ್ಕೆ ಒಳಪಡುವುದಿಲ್ಲವಾದ್ದರಿಂದ, ಅದನ್ನು ಕಲೆಕ್ಟರ್ ಕಡೆಯಿಂದ ತಿದ್ದಿದರೆ ಒಂದು ತಾಪದಲ್ಲಿ ಸೊನ್ನೆಯಾಗಿ ಇನ್ನೊಂದರಲ್ಲಿ ಹೊಸ ಸರಿತ ಹುಟ್ಟುತ್ತದೆ. ದೋಷ ಹುಟ್ಟಿದ ಕಡೆಯಲ್ಲೇ ತಿದ್ದುಪಡಿಯಾಗಬೇಕು. 1968ರ ಪ್ರಸಿದ್ಧ 741 ಚಿಪ್ಪಿನ 1 ಮತ್ತು 5ನೆಯ ಕಾಲುಗಳು ಆಫ್‌ಸೆಟ್ ತಿದ್ದಲೆಂದೇ ಮೀಸಲಾಗಿದ್ದವು. 1970ರ ದಶಕದ ನಡುವೆ ಬಂದ ಒಪಿ-07 ಚಿಪ್ಪಿನಲ್ಲಿ ಈ ತಿದ್ದುಪಡಿ ಕಾರ್ಖಾನೆಯಲ್ಲೇ ಮುಗಿದಿರುತ್ತಿತ್ತು.

ಇದೇ ಚಿಂತೆ ಶಕ್ತಿನಗರದ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದಂಥ ಕಡೆಯೂ ಬರುತ್ತದೆ. ಕೃಷ್ಣಾ ದಂಡೆಯ ಈ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಗಿ, ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್‌ಗೆ ಬೆಳೆಯಿತು. ಇಂಥ ಸ್ಥಾವರಗಳಲ್ಲಿ ಬಿಸಿಯನ್ನು ಅಳೆಯುವ ಉಷ್ಣಯುಗ್ಮ, ಅಂದರೆ ಎರಡು ಬೇರೆ ಲೋಹಗಳ ತಂತಿಗಳನ್ನು ಬೆಸೆದ ತುದಿ, ‘ಕೆ’ ಜಾತಿಯದಾದರೆ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. ಅಲ್ಲಿ 0.26 ಮಿಲಿವೋಲ್ಟಿನ ಆಫ್‌ಸೆಟ್ 6 ಡಿಗ್ರಿಯ ತಪ್ಪಾಗುತ್ತದೆ.

ರೋಧಕಗಳ ಸಾಮ್ಯವನ್ನು ಎಷ್ಟು ಚೊಕ್ಕಗೊಳಿಸಿದರೂ ಕೆಲವು ಮೈಕ್ರೋವೋಲ್ಟ್ ಉಳಿಯುತ್ತದೆಂದು ಒಪ್ಪಿಕೊಂಡ ಮೇಲೆ ತೆರೆಯುವ ದಾರಿ ಬೇರೆ. ತೋಳುಗಳು ಸಮವಿಲ್ಲದ ತಕ್ಕಡಿಯಲ್ಲಿ ಸರಕನ್ನೂ ತೂಕದ ಬಟ್ಟುಗಳನ್ನೂ ಅದಲುಬದಲು ಮಾಡಿ ಎರಡು ಸಲ ತೂಗಿದರೆ ತೋಳುಗಳ ದೋಷ ಹೇಗೆ ಬಯಲಾಗುತ್ತದೆಯೋ ಹಾಗೆ, ಚಾಪರ್ ಎಂಬ ವರ್ಧಕ ತನ್ನ ಎರಡು ಒಳಬಾಗಿಲುಗಳನ್ನು ಸೆಕೆಂಡಿಗೆ ಸಾವಿರಾರು ಬಾರಿ ಅದಲುಬದಲು ಮಾಡುತ್ತದೆ. ನಿಜವಾದ ಸಂಕೇತ ಪ್ರತಿ ಬದಲಿಗೂ ತಿರುಗುಮುರುಗಾಗುತ್ತದೆ, ವರ್ಧಕದ ಒಳಗಿನ ಆಫ್‌ಸೆಟ್ ತಿರುಗುವುದಿಲ್ಲ. ಹೊರಬರುವಾಗ ಮತ್ತೊಮ್ಮೆ ಅದಲುಬದಲು ಮಾಡಿ ಸರಾಸರಿ ತೆಗೆದರೆ ಸಂಕೇತ ಉಳಿದು ಆಫ್‌ಸೆಟ್ ಅಳಿಯುತ್ತದೆ. 1940ರ ದಶಕದಲ್ಲಿ ಕಂಪಿಸುವ ಯಾಂತ್ರಿಕ ಸ್ವಿಚ್ಚುಗಳು ಮಾಡುತ್ತಿದ್ದ ಈ ಕೆಲಸ ಈಗ ಚಿಪ್ಪಿನೊಳಗೇ ನಡೆಯುತ್ತದೆ, ತೂಕದ ಯಂತ್ರಗಳಿಗೆಂದೇ ತಯಾರಾಗುವ ಚಿಪ್ಪುಗಳಲ್ಲಿ ಇದು ಸಾಮಾನ್ಯ.

ಆದರೆ ಚಾಪರ್ ಅಳಿಸುವುದು ವರ್ಧಕದೊಳಗಿನ ಅಸಾಮ್ಯವನ್ನು ಮಾತ್ರ. ವರ್ಧಕಕ್ಕಿಂತ ಮುಂಚೆಯೇ ಹುಟ್ಟಿದ ಅಸಾಮ್ಯ ಅದರ ಕಣ್ಣಿಗೆ ತೂಕವಾಗಿಯೇ ಕಾಣುತ್ತದೆ. ವೇದಿಕೆಯ ಕೆಳಗಿನ ಹಲವು ಲೋಡ್ ಸೆಲ್‌ಗಳು ಜಂಕ್ಷನ್ ಬಾಕ್ಸ್ ಎಂಬ ಪೆಟ್ಟಿಗೆಯಲ್ಲಿ ಒಂದುಗೂಡುತ್ತವೆ. ಅವುಗಳ ಸಂವೇದನೆ ಒಂದರಿಂದೊಂದಕ್ಕೆ ತುಸು ಬೇರೆಯಾಗಿರುವುದರಿಂದ, ಅಲ್ಲಿಯೂ ತಿರುಗಿಸುವ ರೋಧಕಗಳನ್ನಿಟ್ಟು ಎಲ್ಲ ಸೆಲ್‌ಗಳ ಪಾಲನ್ನು ಸರಿದೂಗಿಸಲಾಗುತ್ತದೆ. ಮಳೆಗಾಲದಲ್ಲಿ ಆ ಪೆಟ್ಟಿಗೆಯೊಳಗೆ ತೇವ ಸೇರಿ ತಂತಿಗಳ ನಡುವೆ ಬೇಡದ ರೋಧವೊಂದು ಹುಟ್ಟಿದರೆ ಆ ಸರಿದೂಗಿಕೆ ಕೆಡುತ್ತದೆ. ಇದನ್ನು ಹಿಡಿಯಲು ತೂಕದ ಪರೀಕ್ಷಕರು ಒಂದೇ ಬಟ್ಟನ್ನು ವೇದಿಕೆಯ ಒಂದೊಂದು ಮೂಲೆಯ ಮೇಲೂ ಬೇರೆಬೇರೆಯಾಗಿ ಇರಿಸಿ ನೋಡುತ್ತಾರೆ. ಎಲ್ಲ ಮೂಲೆಗಳಲ್ಲೂ ಅಂಕಿ ಅನುಮತಿಸಿದ ಮಿತಿಯೊಳಗೆ ಬಂದರೆ ಮಾತ್ರ ಯಂತ್ರಕ್ಕೆ ಮುದ್ರೆ ಬೀಳುತ್ತದೆ.